ಮೊದಲು ಬಸಿ, ಆಮೇಲೆ ಸುತ್ತು

ಕ್ಯಾರವಾನಿನ ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಹಳಸಿದ ಸಾರಿನ ವಾಸನೆ. 2022ರ ಆಗಸ್ಟ್ ತಿಂಗಳು. ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಹಾಸ್ ಎಂಬ ಪುಟ್ಟ ಊರಿಗೆ ಮೊದಲ ಸಲ ಕಾರಿನ ಹಿಂದೆ ಕ್ಯಾರವಾನ್ ಎಳೆದುಕೊಂಡು ಹೋಗಿ ಬಂದು ಹದಿನೈದು ದಿನ ಕಳೆದಿತ್ತು. ಹೊರಡುವಾಗ ಸಿಂಕನ್ನು ತಿಕ್ಕಿ ತೊಳೆದಿದ್ದೆ. ಫ್ರಿಜ್ಜಿನ ಬಾಗಿಲಿಗೆ ಮರದ ತುಂಡು ಕೊಟ್ಟು ಗಾಳಿಯಾಡಲು ಬಿಟ್ಟಿದ್ದೆ. ಕಸದ ಬುಟ್ಟಿಯಲ್ಲಿ ಒಂದು ಕಾಗದವೂ ಇರಲಿಲ್ಲ. ಹಾಗಾದರೆ ಈ ವಾಸನೆ ಎಲ್ಲಿಂದ?

ಒಂದೊಂದೇ ಕಪಾಟು ತೆಗೆದು ಮೂಸುತ್ತಾ ಬಂದೆ. ಕೊನೆಗೆ ಮುಂದಿನ ಸೀಟಿನ ಹಲಗೆ ಎತ್ತಿದಾಗ ಕಂಡಿತು. ನೀರು ಹೊರಗೆ ಬಿಡುವ ಬೂದು ಬಣ್ಣದ ಪೈಪನ್ನು ಗಡಿಬಿಡಿಯಲ್ಲಿ ಸುತ್ತಿ ಅಲ್ಲಿ ತುರುಕಿದ್ದೆವು. ಅದರ ಬಾಯಿಂದ ಲೋಳೆಲೋಳೆ ನೀರು ಸೋರಿ ಪ್ಲೈವುಡ್ ನೆಲದ ಮೇಲೆ ತಟ್ಟೆಯಗಲ ಕಪ್ಪು ಕಲೆ ಆಗಿತ್ತು. ಪಕ್ಕದಲ್ಲೇ ಇದ್ದ ಕೌದಿ, ಅಮ್ಮ ತನ್ನ ಹಳೇ ಸೀರೆಗಳನ್ನು ಜೋಡಿಸಿ ಹೊಲಿದುಕೊಟ್ಟದ್ದು, ಅರ್ಧಕ್ಕರ್ಧ ಒದ್ದೆಯಾಗಿ ಅಂಚಿನಲ್ಲಿ ಬೂಸ್ಟು ಹಿಡಿದಿತ್ತು. ಕೌದಿಯನ್ನು ಮೂರು ಸಲ ಒಗೆದೆ. ಕಲೆ ಪೂರ್ತಿ ಹೋಗಲಿಲ್ಲ. ಪೈಪನ್ನು ಹೇಗೆ ಇಡಬೇಕೆಂದು ನಾನು ತಲೆಕೆಡಿಸಿಕೊಳ್ಳಲು ಶುರುಮಾಡಿದ್ದು ಆ ಕಲೆ ನೋಡಿದ ಮೇಲೆ.

ನಮ್ಮೂರಲ್ಲಿ ಕ್ಯಾರವಾನ್ ಎಂದರೆ ಸಿನಿಮಾ ನಟರು ಶೂಟಿಂಗಿನಲ್ಲಿ ಕೂರುವ ದೊಡ್ಡ ಗಾಡಿ ಎಂದೇ ಜನ ತಿಳಿಯುತ್ತಾರೆ. ಇಂಗ್ಲೆಂಡಿನಲ್ಲಿ ಹಾಗಲ್ಲ. ಎಂಜಿನ್ ಇಲ್ಲದ, ಕಾರಿನ ಹಿಂದೆ ಕೊಂಡಿ ಹಾಕಿ ಎಳೆಯುವ ಚಿಕ್ಕ ಮನೆಗೆ ಇಲ್ಲಿ ಆ ಹೆಸರು. ನಾವು ಲೀಡ್ಸ್‌ಗೆ ಬಂದು ನೆಲೆಸಿ ಹನ್ನೆರಡು ವರ್ಷ. ನಾನೂ ಮನೆಯವರೂ ಡ್ರೈವಿಂಗ್ ಪರೀಕ್ಷೆ ಪಾಸು ಮಾಡಿದ್ದು ಇಲ್ಲಿಗೆ ಬಂದ ಮೇಲೆ. 1997ರ ಜನವರಿ 1ರ ನಂತರ ಪಾಸಾದವರು ಕ್ಯಾರವಾನಿನಂಥ ಭಾರದ ಟ್ರೇಲರ್ ಎಳೆಯಬೇಕಾದರೆ ಇನ್ನೊಂದು ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ಕ್ಕೆ ಆ ನಿಯಮ ಹೋಯಿತು. ಮಾಮೂಲಿ ಕಾರಿನ ಲೈಸೆನ್ಸಿನಲ್ಲೇ 3,500 ಕೆ.ಜಿ. ತನಕದ ಟ್ರೇಲರ್ ಎಳೆಯಬಹುದು ಎಂದಾಯಿತು. ಮುಂದಿನ ಬೇಸಿಗೆಗೇ ನಾಲ್ವರು ಮಲಗುವ ಹಳೇ ಕ್ಯಾರವಾನ್ ಒಂದನ್ನು ಕೊಂಡೆವು. ಕೊಂಡಿ, ಬ್ರೇಕು, ಟಯರು ಮನೆಯವರ ಪಾಲಿಗೆ. ನೀರು, ಅಡುಗೆ, ಹಾಸಿಗೆ ನನ್ನ ಪಾಲಿಗೆ. ಹೀಗೆಂದು ಯಾರೂ ಕೂತು ಹಂಚಿಕೊಂಡದ್ದಲ್ಲ, ಅದಾಗಿಯೇ ಹಾಗಾಯಿತು.

ನೀರಿನ ವ್ಯವಸ್ಥೆ ಹೇಗೆ ಎಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಪೈಪಿನ ಕಷ್ಟ ಅರ್ಥವಾಗುವುದಿಲ್ಲ. ಇಲ್ಲಿನ ಬಹುಪಾಲು ಕ್ಯಾರವಾನುಗಳಲ್ಲಿ ಬಳಸಿದ ನೀರು ತುಂಬಿಕೊಳ್ಳಲು ಒಳಗೆ ಟ್ಯಾಂಕ್ ಇರುವುದಿಲ್ಲ. ಒಳ್ಳೆಯ ನೀರಿಗೆ ಹೊರಗೊಂದು ಡ್ರಮ್ಮು, 40 ಲೀಟರಿನದು, ನೆಲದ ಮೇಲೆ ಉರುಳಿಸಿಕೊಂಡು ಹೋಗಿ ನಲ್ಲಿಯಲ್ಲಿ ತುಂಬಿ ತರುವಂಥದ್ದು. ಅಕ್ವಾರೋಲ್ ಎಂಬುದು ಅದರ ಕಂಪನಿ ಹೆಸರು, ಯಾವ ಕಂಪನಿಯದಾದರೂ ಜನ ಅದೇ ಹೆಸರಿನಿಂದ ಕರೆಯುತ್ತಾರೆ. ಅದರೊಳಗೆ ಪುಟ್ಟ ಪಂಪ್ ಇಳಿಬಿಟ್ಟರೆ ನಲ್ಲಿಗೆ ನೀರು ಬರುತ್ತದೆ. ಬಳಸಿದ ನೀರು ಅಡುಗೆ ಸಿಂಕಿನಿಂದ ಒಂದು ಬಾಯಿ, ಬಚ್ಚಲಿನಿಂದ ಇನ್ನೊಂದು ಬಾಯಿ ಎಂದು ನೆಲದಡಿಯಿಂದ ಹೊರಬರುತ್ತದೆ. ಆ ಎರಡು ಬಾಯಿಗೂ ಪೈಪು ಸಿಕ್ಕಿಸಿ, ವೈ ಆಕಾರದ ಜೋಡಣೆಯಲ್ಲಿ ಎರಡನ್ನೂ ಒಂದು ಮಾಡಿ, ಚಕ್ರವಿರುವ ಇನ್ನೊಂದು ಚಪ್ಪಟೆ ಡಬ್ಬಿಗೆ ಬಿಡಬೇಕು. ನಮ್ಮದು 38 ಲೀಟರ್ ಹಿಡಿಯುತ್ತದೆ. ತುಂಬಿದ ಮೇಲೆ ಎಳೆದುಕೊಂಡು ಹೋಗಿ, ಕ್ಯಾಂಪಿನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸುರಿಯಬೇಕು. ರಸ್ತೆ ಪಕ್ಕದ ಮಳೆನೀರಿನ ಜಾಲರಿಗೆ ಸುರಿಯುವಂತಿಲ್ಲ, ಅದು ನೇರವಾಗಿ ಹೊಳೆಗೆ ಹೋಗುವ ದಾರಿ. ಶೌಚದ ಪೆಟ್ಟಿಗೆ ಬೇರೆಯೇ, ಅದನ್ನು ಖಾಲಿ ಮಾಡುವ ಜಾಗವೂ ಬೇರೆ.

ಈ ಬಚ್ಚಲು ಪೈಪು ಸುಮಾರು 28 ಮಿಲಿಮೀಟರ್ ದಪ್ಪದ್ದು, ಮೈತುಂಬ ಉಂಗುರ ಉಂಗುರ. ಉಂಗುರ ಇರುವುದರಿಂದಲೇ ಮುರಿಯದೆ ಬಾಗುತ್ತದೆ. ಆದರೆ ಒಳಗೂ ಅದೇ ಉಂಗುರಗಳು, ಪ್ರತಿ ಸಂದಿಯಲ್ಲೂ ಒಂದಿಷ್ಟು ನೀರು, ಒಂದಿಷ್ಟು ಜಿಡ್ಡು ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿದ್ದೇನೆ: ಪೈಪು ತುಂಬಿ ನಿಂತರೆ ಮೀಟರಿಗೆ ಹತ್ತಿರ ಹತ್ತಿರ ಅರ್ಧ ಲೀಟರ್. ನಮ್ಮದು 5 ಮೀಟರ್ ಉದ್ದದ ಒಂದೇ ಪೈಪು, ಹಳೇ ಯಜಮಾನರು ಕೊಟ್ಟದ್ದು. ಸುತ್ತುವಾಗ ಅದರಲ್ಲಿ ಒಂದು ಲೀಟರ್ ನೀರು ಉಳಿದರೂ ಅದು ಹೊರಗೆ ಬರಲೇಬೇಕು, ಬರುವುದು ಕೌದಿಯ ಮೇಲೆ.

ಇನ್ನೊಂದು ವಿಷಯ ನಮ್ಮ ಅಡುಗೆಯದ್ದು. ನಾನು ತೀರ್ಥಹಳ್ಳಿ ಕಡೆಯವಳು, ಒಗ್ಗರಣೆಗೆ ಕೊಬ್ಬರಿ ಎಣ್ಣೆ ಇಲ್ಲದೆ ಆಗುವುದಿಲ್ಲ. ಕೊಬ್ಬರಿ ಎಣ್ಣೆ ಹೆಚ್ಚುಕಡಿಮೆ 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ಯಾರ್ಕ್‌ಷೈರಿನ ಬೇಸಿಗೆ ರಾತ್ರಿಯಲ್ಲೂ 10, 12 ಡಿಗ್ರಿ ಮಾಮೂಲಿ. ಬಾಣಲೆ ತೊಳೆದ ಬಿಸಿನೀರು ಪೈಪಿಗೆ ಇಳಿದು ತಣ್ಣಗಾಗುತ್ತಿದ್ದಂತೆ ಎಣ್ಣೆ ಆ ಉಂಗುರಗಳಲ್ಲಿ ಮೇಣದ ಹಾಗೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಅನ್ನದ ಗಂಜಿ, ಅದರ ಮೇಲೆ ಹುಣಸೆ ಹುಳಿ, ಒಂದೆರಡು ಸಾಸಿವೆ. ಊರಲ್ಲಾಗಿದ್ದರೆ ಮುಸುರೆ ನೀರು, ಅಕ್ಕಿ ತೊಳೆದ ಅಕ್ಕಚ್ಚು ಎಲ್ಲ ದನದ ಬಾನಿಗೆ ಹೋಗುತ್ತಿತ್ತು, ಹನಿ ಉಳಿಯುತ್ತಿರಲಿಲ್ಲ. ಇಲ್ಲಿ ಅದು ಪೈಪಿನಲ್ಲಿ ಕೂತು ಹುಳಿಯುತ್ತದೆ. ಈಗ ಪ್ರತಿ ಪಾತ್ರೆಯನ್ನೂ ತೊಳೆಯುವ ಮೊದಲು ಕಾಗದದಲ್ಲಿ ಒರೆಸಿ ಕಾಗದವನ್ನು ಕಸಕ್ಕೆ ಹಾಕುತ್ತೇನೆ. ಸಿಂಕಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಇಟ್ಟಿದ್ದೇನೆ. ಪೈಪಿನ ವಾಸನೆಯ ಅರ್ಧ ಭಾಗ ಅಷ್ಟಕ್ಕೇ ಹೋಯಿತು ಎಂದು ಧೈರ್ಯವಾಗಿ ಹೇಳುತ್ತೇನೆ.

ಇನ್ನರ್ಧಕ್ಕೆ ಒಂದು ವರ್ಷ ಬೇಕಾಯಿತು.

ಕೌದಿ ಹಾಳಾದ ಮೇಲೆ ಪೈಪನ್ನು ಮನುಷ್ಯರು ಮಲಗುವ ಜಾಗದಲ್ಲಿ ಇಡುವುದೇ ಬೇಡವೆಂದು ಮುಂಭಾಗದ ಗ್ಯಾಸ್ ಪೆಟ್ಟಿಗೆಗೆ ಸಾಗಿಸಿದೆ. ಹೊರಗಿನಿಂದ ತೆರೆಯುವ ಜಾಗ, ಮುಚ್ಚಳ ಭದ್ರ, ಒಳಗೆ ಸಿಲಿಂಡರ್ ಬಿಟ್ಟರೆ ಖಾಲಿ. ತುಂಬ ಸಮಾಧಾನವಾಯಿತು. ಸೆಪ್ಟೆಂಬರಿನಲ್ಲಿ ಸೆಟ್ಲ್ ಎಂಬ ಊರಿನ ಹತ್ತಿರದ ಒಂದು ಕ್ಯಾಂಪಿನಲ್ಲಿದ್ದಾಗ ಪಕ್ಕದ ಗಾಡಿಯ ಹಿರಿಯರೊಬ್ಬರು ನಾನು ಪೈಪು ತೆಗೆಯುವುದನ್ನು ನೋಡಿ ಹತ್ತಿರ ಬಂದರು. ಕ್ಷಮಿಸಿ ಎಂದು ಶುರುಮಾಡಿ, ಪೆಟ್ಟಿಗೆಯ ತಳ ತೋರಿಸಿದರು. ಅಲ್ಲಿ ಒಂದು ಕಿಂಡಿ, ಅದರ ಮೇಲೇ ನನ್ನ ಪೈಪಿನ ಸುರುಳಿ ಕೂತಿತ್ತು. ಈ ಗ್ಯಾಸು ಗಾಳಿಗಿಂತ ಭಾರ. ಸಿಲಿಂಡರ್ ಎಲ್ಲಾದರೂ ಸೋರಿದರೆ ಗ್ಯಾಸು ಕೆಳಗೆ ಇಳಿದು ಆ ಕಿಂಡಿಯಿಂದ ಹೊರಗೆ ಹೋಗಲಿ ಎಂದೇ ಅದನ್ನು ಇಟ್ಟಿರುತ್ತಾರೆ. ಅದನ್ನು ಮುಚ್ಚಿದರೆ ಗ್ಯಾಸು ಪೆಟ್ಟಿಗೆಯಲ್ಲೇ ತುಂಬಿಕೊಳ್ಳುತ್ತದೆ, ಪೆಟ್ಟಿಗೆಯ ಆಚೆಗೇ ನನ್ನ ಮಕ್ಕಳ ಹಾಸಿಗೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಹಿರಿಯರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನ್ನಿಸುತ್ತದೆ. ಕ್ಯಾರವಾನ್ ಇರುವ ಯಾರು ಸಿಕ್ಕರೂ ಮೊದಲು ಈ ಕಿಂಡಿಯ ವಿಷಯ ಹೇಳುತ್ತೇನೆ. ಪೈಪನ್ನು ಅಲ್ಲೇ ಇಡುವವರು ಬಹಳ ಮಂದಿ ಇದ್ದಾರೆ, ಇಡಲಿ, ಆದರೆ ಕಿಂಡಿಯಿಂದ ದೂರ, ಕೊಕ್ಕೆಗೆ ನೇತುಹಾಕಿ.

ಮುಂದಿನ ಪ್ರಯೋಗ ದಪ್ಪ ಪ್ಲಾಸ್ಟಿಕ್ ಚೀಲ. ನೀರು ಸೋರಿದರೂ ಚೀಲದಲ್ಲೇ ಇರುತ್ತದೆ ಎಂಬ ಲೆಕ್ಕ. ಬಾಯಿ ಬಿಗಿಯಾಗಿ ಕಟ್ಟಿಟ್ಟೆ. ಮೂರು ವಾರ ಬಿಟ್ಟು ಬಿಚ್ಚಿದಾಗ ಪೈಪಿನ ಹೊರಮೈಗೂ ಕಪ್ಪು ಬೂಸ್ಟು ಬಂದಿತ್ತು. ಗಾಳಿಯಾಡದ ಒದ್ದೆ ಬೇರೇನು ಮಾಡೀತು.

ಮೆಲ್ಬರ್ನಿನಲ್ಲಿರುವ ಚಿಕ್ಕಮ್ಮನ ಮಗ ತನ್ನ ಗಾಡಿಯ ಫೋಟೋ ಕಳಿಸಿದ. ಆಸ್ಟ್ರೇಲಿಯಾದವರು ಇದಕ್ಕೆ ಸಲೇಜ್ ಹೋಸ್ ಎನ್ನುತ್ತಾರೆ. ಅಲ್ಲಿನ ಕ್ಯಾರವಾನುಗಳ ಹಿಂದೆ ಕಬ್ಬಿಣದ ಬಂಪರ್ ಇರುತ್ತದೆ. ಅದಕ್ಕೆ ದಪ್ಪ ಪಿವಿಸಿ ಪೈಪೊಂದನ್ನು ಅಡ್ಡಲಾಗಿ ಕಟ್ಟಿ, ಎರಡು ಕಡೆ ಮುಚ್ಚಳ ಹಾಕಿ, ಬಚ್ಚಲು ಪೈಪನ್ನು ಅದರೊಳಗೆ ನೇರವಾಗಿ ತಳ್ಳಿಬಿಡುತ್ತಾರೆ. ಸುತ್ತುವ ಕೆಲಸವೇ ಇಲ್ಲ. ನೋಡಿ ಆಸೆಯಾಯಿತು. ಇಲ್ಲಿ ಚರಂಡಿ ಕೆಲಸಕ್ಕೆ ಬಳಸುವ 110 ಮಿಲಿಮೀಟರಿನ ಪೈಪು ತಂದೂ ಆಯಿತು. ಆದರೆ ನಮ್ಮ ಗಾಡಿಯ ಹಿಂಭಾಗ ಬರೀ ಪ್ಲಾಸ್ಟಿಕ್, ಭಾರ ಹೊರುವಂಥದ್ದಲ್ಲ. ಕೆಳಗಿನ ಚಾಸಿಗೆ ಬೋಲ್ಟ್ ಹಾಕೋಣವೆಂದರೆ ಅದಕ್ಕೆ ರಂಧ್ರ ಕೊರೆಯಲೇಬಾರದು ಎಂದು ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿತ್ತು. ತೆಳು ಉಕ್ಕು, ತೂತು ಮಾಡಿದಲ್ಲಿ ಬಲ ಹೋಗುತ್ತದೆ, ತುಕ್ಕು ಹಿಡಿಯುತ್ತದೆ. ತಂದ ಪೈಪು ಗ್ಯಾರೇಜಿನ ಮೂಲೆ ಸೇರಿತು. ಒಂದು ದೇಶದ ಉಪಾಯ ಇನ್ನೊಂದು ದೇಶದ ಗಾಡಿಗೆ ಹೊಂದದೆ ಇರಬಹುದು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕಿತ್ತು.

2023ರ ಏಪ್ರಿಲ್ ಕೊನೆಗೆ ಅಪ್ಪಯ್ಯ ಅಮ್ಮ ಬಂದರು. ಅಪ್ಪಯ್ಯ ಬರುವಾಗಲೇ ಹೇಳಿಬಿಟ್ಟಿದ್ದರು, "ಮಳೆ ಹಿಡಿಯೋದ್ರೊಳಗೆ ನಾನು ತೋಟದಲ್ಲಿರಬೇಕು." ಅಡಿಕೆಗೆ ಕೊಳೆರೋಗ ಬರದಂತೆ ಔಷಧಿ ಹೊಡೆಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಇದ್ದ ಮೂರು ವಾರದಲ್ಲಿ ಒಂದು ವಾರ ಲೇಕ್ ಡಿಸ್ಟ್ರಿಕ್ಟ್‌ಗೆ ಹೋಗೋಣ ಎಂದು ಕೆಸ್ವಿಕ್‌ನಲ್ಲಿ ಜಾಗ ಹಿಡಿದೆವು. ಹಾಸಿಗೆ ಸಾಲದೆ ಪಕ್ಕಕ್ಕೊಂದು ಡೇರೆ. ಸ್ಕಾಚ್ ಕಾರ್ನರಿನಿಂದ ಎ66 ರಸ್ತೆ ಹಿಡಿದು, ಕ್ಯಾರವಾನ್ ಎಳೆಯುವವರಿಗಿರುವ ವೇಗದ ಮಿತಿಯಲ್ಲಿ, ನಿಧಾನವಾಗಿ ಹೋದೆವು. ಕೆಸ್ವಿಕ್ ಪಕ್ಕದ ಬಾರೋಡೇಲ್ ಕಣಿವೆಯಲ್ಲಿ ಸೀತ್‌ವೇಟ್ ಎಂಬ ಹಳ್ಳಿಯಿದೆ, ಇಂಗ್ಲೆಂಡಿನಲ್ಲಿ ಜನವಸತಿ ಇರುವ ಊರುಗಳಲ್ಲೇ ಅತಿ ಹೆಚ್ಚು ಮಳೆ ಬೀಳುವುದು ಅಲ್ಲಿ, ವರ್ಷಕ್ಕೆ ಸುಮಾರು 3,500 ಮಿಲಿಮೀಟರ್. ಅಪ್ಪಯ್ಯನಿಗೆ ಇದು ಭಾರೀ ಖುಷಿ ಕೊಟ್ಟಿತು. ಆಗುಂಬೆಯಲ್ಲಿ 7,000ಕ್ಕಿಂತ ಹೆಚ್ಚು ಬೀಳುತ್ತದಲ್ಲ, ಅದರ ಅರ್ಧ ಇಲ್ಲಿಯೂ ಇದೆ ಎಂದು ಅಮ್ಮನಿಗೆ ಎರಡು ಮೂರು ಸಲ ಹೇಳಿದರು. ಮಳೆಯ ವಿಷಯದಲ್ಲಿ ಬಂಧುಗಳು ಸಿಕ್ಕಂತೆ.

ಹೊರಡುವ ದಿನ ಬೆಳಿಗ್ಗೆ ನಾನು ಎಂದಿನಂತೆ ಮೊದಲು ಕೆಳಗಿನ ಡಬ್ಬಿಯನ್ನು ಎಳೆದುಕೊಂಡು ಹೋಗಿ ಸುರಿದು ಬಂದೆ. ಆಮೇಲೆ ಪೈಪು ಬಿಚ್ಚಿ, ಒಂದು ತುದಿಯನ್ನು ಅಂಗೈಯಲ್ಲಿ ಹಿಡಿದು, ಮೊಣಕೈಗೆ ಬಳಸಿ ಬಳಸಿ ಸುತ್ತತೊಡಗಿದೆ. ಬಟ್ಟೆ ಒಣಹಾಕುವ ಹಗ್ಗ ಸುತ್ತುವುದು ಹಾಗೆಯೇ ಅಲ್ಲವೇ. ಪೈಪು ತಿರುಚಿಕೊಂಡು ಎಂಟು ಎಂಟಾಗಿ ಎದ್ದು ನಿಲ್ಲುತ್ತಿತ್ತು, ಬಾಯಿಂದ ನೀರು ತೋಳಿನ ಮೇಲೆ ಇಳಿಯುತ್ತಿತ್ತು. ಅಪ್ಪಯ್ಯ ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ಎದ್ದು ಬಂದರು.

"ಎಂತಕ್ಕೆ ಮಗಾ ಅದರ ಜೊತೆ ಗುದ್ದಾಡ್ತೀಯ? ನೀರು ಇಟ್ಕೊಂಡು ಯಾರಾದ್ರೂ ಪೈಪು ಸುತ್ತಾರಾ? ಮೊದಲು ಬಸಿ, ಆಮೇಲೆ ಸುತ್ತು."

"ಬಸಿದಿದೀನಿ ಅಪ್ಪಯ್ಯ, ಎರಡು ಸಲ ಕೊಡವಿದೆ."

"ಕೊಡವಿದ್ರೆ ಹೋಗಲ್ಲ ಅದು. ಇಲ್ಲಿ ಕೊಡು."

ಪೈಪನ್ನು ನನ್ನ ಕೈಯಿಂದ ತೆಗೆದುಕೊಂಡು ಹುಲ್ಲಿನ ಮೇಲೆ ಉದ್ದಕ್ಕೆ ಹಾಸಿದರು. ಒಂದು ತುದಿಯನ್ನು ಖಾಲಿ ಡಬ್ಬಿಯ ಬಾಯಿಗೆ ಇಟ್ಟು, ಇನ್ನೊಂದು ತುದಿಯನ್ನು ಹೆಗಲೆತ್ತರಕ್ಕೆ ಎತ್ತಿದರು. ಹೆಗಲ ಮೇಲಿಂದ ಪೈಪನ್ನು ಜಾರಿಸುತ್ತಾ, ಒಂದೊಂದೇ ಹೆಜ್ಜೆ, ಡಬ್ಬಿಯ ಕಡೆಗೆ ನಡೆದರು. ಅವರು ನಡೆದಂತೆ ಎತ್ತರದ ಜಾಗವೂ ಮುಂದೆ ಮುಂದೆ ಹೋಗುತ್ತದೆ, ಒಳಗಿನ ನೀರಿಗೆ ಹಿಂದೆ ಸರಿಯಲು ದಾರಿಯಿಲ್ಲ. ನಾನು ಎರಡು ಸಲ ಕೊಡವಿದ್ದ ಪೈಪಿನಿಂದ ದೊಡ್ಡ ಲೋಟ ತುಂಬುವಷ್ಟು ಬೂದು ನೀರು ಬಂದು ಡಬ್ಬಿಗೆ ಬಿತ್ತು. ಮತ್ತೆ ಅದೇ ತುದಿಯಿಂದ ಇನ್ನೊಂದು ಸಲ ನಡೆದರು. ಈ ಸಲ ಬರೀ ಹನಿ.

ತೋಟದಲ್ಲಿ ಔಷಧಿ ಪೈಪು ಸುತ್ತುವುದನ್ನು ಚಿಕ್ಕಂದಿನಲ್ಲಿ ನೋಡುತ್ತಲೇ ಬೆಳೆದವಳು ನಾನು. 100 ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೀಲಿ ಬಣ್ಣದ ಬೋರ್ಡೋ ದ್ರಾವಣ. ಅಡಿಕೆ ಮರ ಹತ್ತುವ ಕೊನೆಗಾರ ಮರದ ತುದಿಯಲ್ಲಿ, ಕೆಳಗೆ ಪಂಪಿನ ಹತ್ತಿರ ಒಬ್ಬರು, ನಡುವೆ ಮಾರುಗಟ್ಟಲೆ ಪೈಪು. ಸಂಜೆ ಕೆಲಸ ಮುಗಿದ ಕೂಡಲೇ ಪೈಪಿಗೆ ಒಳ್ಳೇ ನೀರು ಹಾಯಿಸದೆ ಅಪ್ಪಯ್ಯ ಮನೆಗೆ ಬಂದದ್ದಿಲ್ಲ. ಬಿಟ್ಟರೆ ಸುಣ್ಣ ಒಳಗೆ ಕಟ್ಟಿಕೊಳ್ಳುತ್ತದೆ, ಮರುದಿನ ಔಷಧಿ ಏರುವುದಿಲ್ಲ. ನೀರು ಹಾಯಿಸಿ, ಬಸಿದು, ಸಿಂಬೆ ಮಾಡಿ, ಕೊಟ್ಟಿಗೆಯಲ್ಲಿ ಎರಡು ಗೂಟದ ಮೇಲೆ ತೂಗುಹಾಕುತ್ತಿದ್ದರು. ಒಂದೇ ಮೊಳೆಗೆ ಹಾಕಿದರೆ ಭಾರ ಬಿದ್ದ ಜಾಗದಲ್ಲಿ ಮಡಿಕೆ ಬೀಳುತ್ತದೆ ಎಂದು ಎರಡು ಗೂಟ. ಇದೆಲ್ಲ ನನ್ನ ಕಣ್ಣೆದುರೇ ನಡೆದದ್ದು. ಆದರೂ ಲೀಡ್ಸ್‌ನ ಕ್ಯಾರವಾನಿನ ಬಚ್ಚಲು ಪೈಪಿಗೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಸುತ್ತುವ ಪಾಠ ಆಮೇಲೆ. ಪ್ರತಿ ಪೈಪಿಗೂ ತನ್ನದೇ ಒಂದು ಬಾಗು ಇರುತ್ತದೆ, ಅಂಗಡಿಯಲ್ಲಿ ಸುರುಳಿಯಾಗಿಯೇ ಇದ್ದದ್ದಲ್ಲವೇ. ನೆಲದ ಮೇಲೆ ಸುಮ್ಮನೆ ಬಿಟ್ಟರೆ ಯಾವ ಕಡೆಗೆ ಬಾಗಲು ನೋಡುತ್ತದೋ ಆ ಕಡೆಗೇ ಸುತ್ತಬೇಕು. ಮೊಣಕೈಗೆ ಸುತ್ತಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಸೇರುತ್ತದೆ. ಅಪ್ಪಯ್ಯ ಪೈಪನ್ನು ನೆಲದ ಮೇಲೆಯೇ ಇಟ್ಟು, ಎರಡು ಕೈಯಲ್ಲಿ ತಿಕ್ಕುವ ಹಾಗೆ ಹೊರಳಿಸುತ್ತಾ ಒಂದರ ಮೇಲೊಂದು ಸುತ್ತು ಕೂರಿಸಿದರು. ತಿರುಚು ತಾನಾಗಿಯೇ ಬಿಚ್ಚಿಕೊಂಡಿತು. ನೀರಿನ ಕೊಡ ಹೊರುವಾಗ ತಲೆಗಿಡುವ ಸಿಂಬೆಯಂತೆ ದುಂಡಗೆ ಕೂತಿತು. "ಮೂರು ಕಡೆ ಕಟ್ಟು. ಒಂದೇ ಕಡೆ ಕಟ್ಟಿದ್ರೆ ಹಾವು ಬಿಚ್ಚಿಕೊಂಡ ಹಾಗೆ ಬಿಚ್ಚಿಕೊಳ್ಳುತ್ತೆ" ಎಂದು ಜೇಬಿನಿಂದ ಒಂದು ಹಳೇ ಪಂಚೆಯ ಅಂಚು ತೆಗೆದು ಮೂರು ತುಂಡು ಹರಿದರು. ಪಂಚೆಯ ಅಂಚು ಇಂಗ್ಲೆಂಡಿನ ತನಕ ಜೇಬಿನಲ್ಲಿ ಹೇಗೆ ಬಂತೆಂದು ಕೇಳಿದ್ದಕ್ಕೆ ಅಮ್ಮ ಉತ್ತರ ಕೊಟ್ಟಳು: "ಅವರ ಜೇಬಲ್ಲಿ ಹಗ್ಗ, ಚಾಕು ಎರಡೂ ಇರಬೇಕು. ಚಾಕು ಏರ್‌ಪೋರ್ಟಲ್ಲಿ ಬಿಡಿಸಿದ್ರು."

ಎಲ್ಲ ಮುಗಿದ ಮೇಲೆ ಅಪ್ಪಯ್ಯ ಗಾಡಿಯ ಕೆಳಗೆ ಬಗ್ಗಿ ನೋಡಿ ಇನ್ನೊಂದು ಪ್ರಶ್ನೆ ಕೇಳಿದರು. ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಅದು.

"ತೋಟದಲ್ಲಿ ಉದ್ದ ಬೇಕು, ಸರಿ. ಇಲ್ಲಿ ಎಂತಕ್ಕೆ ಇಷ್ಟುದ್ದ?"

ನಿಜ. ಎರಡು ಬಾಯಿಯಿಂದ ಡಬ್ಬಿಗೆ ಇರುವ ದೂರವೇ ಸ್ವಲ್ಪ. ಉಳಿದ ಉದ್ದವೆಲ್ಲ ಹುಲ್ಲಿನ ಮೇಲೆ ಜೋತುಬಿದ್ದು, ಜೋತುಬಿದ್ದ ಹೊಟ್ಟೆಯಲ್ಲಿ ನೀರು ನಿಲ್ಲುತ್ತಿತ್ತು. ಮನೆಗೆ ಬಚ್ಚಲು ಕಟ್ಟುವಾಗ ಗಾರೆಯವರು ವಾಟ ವಾಟ ಎಂದು ಬಡಿದುಕೊಳ್ಳುತ್ತಾರಲ್ಲ, ಇಲ್ಲಿಯೂ ಅದೇ. ಬಾಯಿಂದ ಡಬ್ಬಿಯ ತನಕ ಒಂದೇ ಸಮನೆ ಇಳಿಜಾರಿದ್ದರೆ ನೀರು ತಾನೇ ಹೋಗುತ್ತದೆ. ಅಪ್ಪಯ್ಯ ಅಲ್ಲೇ ಮೊಳ ಹಾಕಿ ಅಳೆದರು. ಬಚ್ಚಲ ಬಾಯಿಗೆ ನಾಲ್ಕು ಮೊಳ, ಅಡುಗೆಯದಕ್ಕೆ ಮೂರು ಮೊಳಕ್ಕೆ ತುಸು ಕಡಿಮೆ, ಡಬ್ಬಿಗೆ ಒಂದೂಕಾಲು.

ಮನೆಗೆ ಬಂದು ಟೇಪು ಹಿಡಿದು ನೋಡಿದೆ: 1.8 ಮೀಟರ್, 1.2 ಮೀಟರ್, 60 ಸೆಂಟಿಮೀಟರ್ ಸಾಕಿತ್ತು. ಎರಡು ಉಂಗುರದ ನಡುವಿನ ತಗ್ಗಿನಲ್ಲಿ ಚಾಕು ಇಟ್ಟು ಸುತ್ತಲೂ ಕೊಯ್ದರೆ ಅಂಚು ನೀಟಾಗಿ ಬರುತ್ತದೆ. ಉಂಗುರದ ಮೇಲೆ ಕೊಯ್ದರೆ ಹಲ್ಲುಹಲ್ಲಾಗಿ ಸೋರುತ್ತದೆ, ಮೊದಲ ತುಂಡನ್ನು ನಾನು ಹಾಗೆಯೇ ಕೆಡಿಸಿದೆ. ಜೋಡಣೆಗೆ ತುದಿ ಹತ್ತುವುದು ಕಷ್ಟ, ಪ್ಲಾಸ್ಟಿಕ್ ಚಳಿಗೆ ಮರದಂತೆ ಬಿರುಸಾಗಿರುತ್ತದೆ. ಲೋಟದಲ್ಲಿ ಬಿಸಿನೀರು ತಂದು ತುದಿಯನ್ನು ಒಂದು ನಿಮಿಷ ಅದ್ದಿದರೆ ಮೆತ್ತಗಾಗಿ ಹತ್ತುತ್ತದೆ. ಉಳಿದ ತುಂಡನ್ನು ಬಿಸಾಡಲಿಲ್ಲ. ನೆಲ ಏರುಪೇರಿದ್ದು ಡಬ್ಬಿಯನ್ನು ದೂರ ಇಡಬೇಕಾದಲ್ಲಿ ಅದೇ ನೆರವಿಗೆ ಬರುತ್ತದೆ. ಮೂರು ತುಂಡಿನ ತುದಿಗಳಿಗೆ ಮಗಳು ಬಣ್ಣದ ಟೇಪು ಸುತ್ತಿದಳು: ಅಡುಗೆಯದ್ದು ಹಸಿರು, ಬಚ್ಚಲಿನದ್ದು ಹಳದಿ, ಡಬ್ಬಿಯದ್ದು ಕಪ್ಪು. ಗಾಡಿಯ ಕೆಳಗಿನ ಬಾಯಿಗಳಿಗೂ ಅದೇ ಬಣ್ಣ. ಯಾವುದು ಎಲ್ಲಿಗೆ ಎಂದು ಮಳೆಯಲ್ಲಿ ನಿಂತು ಯೋಚಿಸುವುದು ತಪ್ಪಿತು.

ಇಡುವುದಕ್ಕೆ ಚೀಲವನ್ನು ನಾನೇ ಹೊಲಿದೆ. ತಳಕ್ಕೆ ಗೇಣೆತ್ತರ ಟಾರ್ಪಾಲಿನ್, ಮೇಲೆಲ್ಲ ಸೊಳ್ಳೆಪರದೆಗಿಂತ ಗಟ್ಟಿಯಾದ ಬಲೆಬಟ್ಟೆ. ಹನಿ ಬಿದ್ದರೆ ತಳದಲ್ಲಿ ನಿಲ್ಲುತ್ತದೆ, ಗಾಳಿ ಮೇಲಿಂದ ಆಡುತ್ತದೆ. ಪ್ಲಾಸ್ಟಿಕ್ ಚೀಲದಿಂದ ಕಲಿತದ್ದು ಇಲ್ಲಿ ಕೂಡಿಬಂತು. ಪ್ರಯಾಣದಲ್ಲಿ ಚೀಲ ಇರುವುದು ಬಚ್ಚಲಮನೆಯ ಶವರ್ ತಟ್ಟೆಯಲ್ಲಿ, ಗೋಡೆಯ ಕೊಕ್ಕೆಗೆ ಬೆಲ್ಟಿನಿಂದ ಬಿಗಿದು. ಎಷ್ಟೇ ಸೋರಿದರೂ ಅಲ್ಲಿಂದ ನೀರು ಕೆಳಗಿನ ಕಿಂಡಿಗೆ ಹೋಗುತ್ತದೆ. ಬಚ್ಚಲು ಪೈಪಿಗೆ ಬಚ್ಚಲೇ ಜಾಗ ಎಂಬುದು ಇಷ್ಟು ದಿನ ಯಾಕೆ ತೋಚಲಿಲ್ಲವೋ.

ಕುಡಿಯುವ ನೀರಿನ ನೀಲಿ ಪೈಪು ಮಾತ್ರ ಈ ಚೀಲದ ಹತ್ತಿರವೂ ಬರಕೂಡದು. ಅದು ಅಡುಗೆ ಕಡೆಯ ಕಪಾಟಿನಲ್ಲಿ, ಎರಡು ತುದಿಯನ್ನೂ ಒಂದಕ್ಕೊಂದು ಸಿಕ್ಕಿಸಿ ಬಳೆಯಂತೆ ಮಾಡಿ, ಶುಭ್ರ ಬಟ್ಟೆಚೀಲದಲ್ಲಿ. ಊರಲ್ಲಿ ಕುಡಿಯುವ ನೀರಿನ ಬಿಂದಿಗೆಯನ್ನು ಬಚ್ಚಲಿಗೆ ಒಯ್ಯುತ್ತೇವೆಯೇ? ಇದನ್ನು ನಾನು ಮಡಿ ಎಂದೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ, ಅವರಿಗೆ ಚೆನ್ನಾಗಿ ಅರ್ಥವಾಗಿದೆ.

ಈಗ ಹೊರಡುವ ದಿನದ ಕ್ರಮ ಹೀಗೆ. ಹಿಂದಿನ ರಾತ್ರಿ ಪಾತ್ರೆಯೆಲ್ಲ ಮುಗಿದ ಮೇಲೆ ಒಂದು ಚಮಚ ವಾಷಿಂಗ್ ಸೋಡಾ ಕರಗಿಸಿದ ಬಿಸಿನೀರನ್ನು, ಕುದಿಯುವ ನೀರಲ್ಲ, ಕೈ ತಡೆಯುವಷ್ಟು ಬಿಸಿಯದನ್ನು, ಸಿಂಕಿಗೆ ನಿಧಾನ ಸುರಿಯುತ್ತೇನೆ. ಕುದಿಯುವ ನೀರು ಪ್ಲಾಸ್ಟಿಕ್ ಜೋಡಣೆಗಳನ್ನು ಸಡಿಲ ಮಾಡುತ್ತದೆ. ಬೆಳಿಗ್ಗೆ ಮೊದಲು ಒಳ್ಳೆಯ ನೀರಿನ ಕೆಲಸ, ಕೈ ಇನ್ನೂ ಶುದ್ಧವಿರುವಾಗಲೇ: ಪಂಪ್ ಎತ್ತಿ ಒರೆಸಿ, ನೀಲಿ ಪೈಪು ಬಸಿದು, ಡ್ರಮ್ಮು ಖಾಲಿ ಮಾಡಿ. 40 ಲೀಟರ್ ಎಂದರೆ 40 ಕೆ.ಜಿ., ಅದನ್ನು ರಸ್ತೆಯ ಮೇಲೆ ಎಳೆದುಕೊಂಡು ಹೋಗಿ ಪ್ರಯೋಜನವಿಲ್ಲ. ಆಮೇಲೆ ಕೈಗವಸು ಹಾಕಿಕೊಂಡು ಬಚ್ಚಲು ಪೈಪು. ಗಾಡಿಯ ಕೆಳಗಿನ ಬಾಯಿಯಿಂದ ಮೊದಲು ಬಿಚ್ಚುತ್ತೇನೆ, ಡಬ್ಬಿಯ ಕಡೆಯ ತುದಿ ಡಬ್ಬಿಯಲ್ಲೇ ಇರಲಿ. ಮುಂಚೆ ನಾನು ಡಬ್ಬಿಯನ್ನು ಮೊದಲು ಒಯ್ಯುತ್ತಿದ್ದದ್ದೇ ತಪ್ಪಾಗಿತ್ತು, ಪೈಪಿನ ನೀರು ಬೀಳಲು ಜಾಗ ಇಲ್ಲದೆ ಹುಲ್ಲಿಗೂ ಕಾಲಿಗೂ ಬೀಳುತ್ತಿತ್ತು. ಬಿಚ್ಚಿದ ತುದಿ ಹೆಗಲಿಗೆ, ನಾಲ್ಕು ಹೆಜ್ಜೆ ನಡಿಗೆ, ಇನ್ನೊಂದಕ್ಕೂ ಹಾಗೆಯೇ. ಆಮೇಲೆ ಡಬ್ಬಿ ಸುರಿಯಲು ಹೋಗುವುದು. ಅಷ್ಟರಲ್ಲಿ ಪೈಪುಗಳು ಗಾಡಿಯ ಕೊಂಡಿಯ ಮೇಲೆ ಜೋತುಬಿದ್ದು ಕೊನೆಯ ಹನಿ ಬಿಟ್ಟಿರುತ್ತವೆ. ಹೊರಗಿನ ಉಂಗುರಗಳಲ್ಲಿ ಸಿಕ್ಕಿಕೊಂಡ ಹುಲ್ಲು, ಮಣ್ಣು ಹಳೇ ಬಟ್ಟೆಯಿಂದ ಒರೆಸಿ, ಬಾಯಿಗೆ ಮುಚ್ಚಳ ಹಾಕಿ, ಸಿಂಬೆ, ಮೂರು ಕಟ್ಟು, ಚೀಲ. ಶೌಚದ ಪೆಟ್ಟಿಗೆ ಎಲ್ಲದರ ಕೊನೆಗೆ, ಬೇರೆ ಕೈಗವಸಿನಲ್ಲಿ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಮುಚ್ಚಳ ಯಾಕೆಂದರೆ, ಒಮ್ಮೆ ವಾರವಿಡೀ ನಿಂತ ಕ್ಯಾಂಪಿನಲ್ಲಿ ಜೋಡಿಸದೆ ಬಿಟ್ಟಿದ್ದ ತುಂಡಿನೊಳಗೆ ಗೊಣ್ಣೆಹುಳ, ಚಿಪ್ಪಿಲ್ಲದ ಬಸವನಹುಳು, ಸೇರಿಕೊಂಡಿತ್ತು. ಆಮೇಲೆ ಮನೆಯ ಸಿಂಕಿಗೆ ಹೊಂದುವ ರಬ್ಬರ್ ಮುಚ್ಚಳ ತಂದು ಕತ್ತರಿಸಿ ಹಾಕಿದ್ದೇನೆ.

ಮನೆಗೆ ಬಂದ ಮೇಲೂ ಚೀಲ ಕ್ಯಾರವಾನಿನಲ್ಲಿ ಉಳಿಯುವುದಿಲ್ಲ. ಪೈಪುಗಳನ್ನು ಬಿಚ್ಚಿ ಗ್ಯಾರೇಜಿನಲ್ಲಿ ತೂಗುಹಾಕುತ್ತೇನೆ. ಅಲ್ಲಿ ಬೇಕಿಲ್ಲದೆ ಬಿದ್ದಿತ್ತಲ್ಲ 110 ಮಿಲಿಮೀಟರಿನ ಚರಂಡಿ ಪೈಪು, ಅದನ್ನು ಗೋಡೆಗೆ ಅಡ್ಡ ಕೂರಿಸಿ ಅದರ ಬೆನ್ನಮೇಲೆ ಹಾಕಿದ್ದೇನೆ. ಅಗಲ ಇರುವುದರಿಂದ ಮಡಿಕೆ ಬೀಳುವುದಿಲ್ಲ, ಎರಡು ಗೂಟದ ಕೆಲಸ ಅದೊಂದೇ ಮಾಡುತ್ತದೆ. ಅಕ್ಟೋಬರಿನ ಕೊನೆಯ ಪ್ರವಾಸದ ನಂತರ ಇನ್ನೂ ಎಚ್ಚರ ಬೇಕು. ಇಲ್ಲಿಯ ಚಳಿಗಾಲದಲ್ಲಿ ನಲ್ಲಿಗಳನ್ನೆಲ್ಲ ತೆರೆದು ಗಾಡಿಯ ಒಳಗಿನ ನೀರನ್ನು ಪೂರ್ತಿ ಬಸಿಯಬೇಕು, ನೀರು ಉಳಿದು ಹೆಪ್ಪುಗಟ್ಟಿದರೆ ಹಿಗ್ಗಿ ಪೈಪು, ಪಂಪು, ಹೀಟರು ಎಲ್ಲವನ್ನೂ ಸೀಳುತ್ತದೆ. ಅದರ ಮುಂದೆ ಬೂಸ್ಟು ಏನೂ ಅಲ್ಲ.

ಜೂನ್ ತಿಂಗಳಲ್ಲಿ ಫೋನು ಮಾಡಿದರೆ ಅಪ್ಪಯ್ಯ ಕೇಳುವ ಮೊದಲ ಪ್ರಶ್ನೆ ಮಕ್ಕಳದ್ದು, ಎರಡನೆಯದು ಇಲ್ಲಿಯ ಮಳೆಯದ್ದು. ಮೂರನೆಯದಾಗಿ ಪೈಪಿನ ಸುದ್ದಿ. ನಾನು ಅವರ ಔಷಧಿ ಪೈಪಿನ ಸುದ್ದಿ ಕೇಳುತ್ತೇನೆ. ಹೋದ ವರ್ಷ ಊರಿಗೆ ಹೋದಾಗ ಅವರಿಗೆಂದು ವೆಲ್ಕ್ರೋ ಪಟ್ಟಿಗಳ ಒಂದು ಕಟ್ಟು ಒಯ್ದಿದ್ದೆ. ಕೊಟ್ಟಿಗೆಯಲ್ಲಿ ಒಂದು ಸಿಂಬೆಗೆ ಹಾಕಿ ನೋಡಿದರು. ಮೈಲುತುತ್ತದ ನೀರು ತಾಗಿದರೆ ಹಿಡಿತ ಬಿಡುತ್ತದೋ ಏನೋ ಎಂದು ಒಂದು ಮಳೆಗಾಲ ಪರೀಕ್ಷೆಗೆ ಇಟ್ಟಿದ್ದಾರೆ. ಉಳಿದ ಸಿಂಬೆಗಳಿಗೆ ಪಂಚೆಯ ಅಂಚೇ.

ಈ ವರ್ಷ ಮಾರ್ಚ್ ಕೊನೆಗೆ, ಐದು ತಿಂಗಳು ಮುಚ್ಚಿದ್ದ ಕ್ಯಾರವಾನಿನ ಬಾಗಿಲು ತೆಗೆದೆ. ತಣ್ಣನೆಯ ಮರದ ವಾಸನೆ ಅಷ್ಟೇ. ಸೀಟಿನ ಹಲಗೆ ಎತ್ತಿ ಕೌದಿ ಮೂಸಿದೆ, ಅಂಚಿನ ಕಲೆ ಹಾಗೆಯೇ ಇದೆ, ಬಟ್ಟೆ ಒಣಗಿ ಗರಿಗರಿಯಾಗಿದೆ. ಗ್ಯಾರೇಜಿನಿಂದ ಮಗಳು ಪೈಪು ತಂದಳು, ಹಸಿರು ಟೇಪು ಒಂದು ಕಡೆ ಎದ್ದಿತ್ತು. ವೈ ಜೋಡಣೆಗೆ ಹಳದಿ ತುಂಡು ಹತ್ತಲಿಲ್ಲ, ಚಳಿಗೆ ಬಿರುಸಾಗಿತ್ತು. ಒಳಗೆ ಹೋಗಿ ನೀರು ಬಿಸಿಗಿಟ್ಟೆ.